ಟಿಕ್ ಎನ್ನದ ಮುಚ್ಚಳ

ಮುಚ್ಚಳ ಟಿಕ್ ಅನ್ನಲಿಲ್ಲ.

ಅವಳು ಇನ್ನೊಮ್ಮೆ ತಿರುಗಿಸಿದಳು. ಕೆಳಕ್ಕೆ ಒತ್ತಲಿಲ್ಲ, ಬರೀ ತಿರುಗಿಸಿದಳು. ನೆಟ್ಟಗಿರುವ ಮುಚ್ಚಳವಾಗಿದ್ದರೆ ಟಿಕ್ ಟಿಕ್ ಎನ್ನುತ್ತ ಇದ್ದಲ್ಲೇ ಗಿರಕಿ ಹೊಡೆಯಬೇಕಿತ್ತು, ಒತ್ತಿ ತಿರುಗಿಸಿದವರಿಗೆ ಮಾತ್ರ ಬಿಚ್ಚಿಕೊಳ್ಳಬೇಕಿತ್ತು. ಇದು ಎರಡೇ ಸುತ್ತಿಗೆ ಸಲೀಸಾಗಿ ಕೈಗೆ ಬಂತು.

“ರೀ, ಒಂಚೂರು ಇಲ್ಲಿ ಬನ್ನಿ.”

ಪ್ರಯೋಗಾಲಯದ ಸಹಾಯಕ ಎದ್ದು ಬಂದ. ಮೂಗಿನ ಮೇಲೊಂದು ಕನ್ನಡಕ, ಹಣೆಯ ಮೇಲೊಂದು ಕನ್ನಡಕ, ಕೊರಳಲ್ಲಿ ಭೂತಗನ್ನಡಿ. ಕಚೇರಿಯವರೆಲ್ಲ ಅವನನ್ನು ‘ದುರ್ಬೀನು’ ಅನ್ನುತ್ತಿದ್ದರು. ಅವಳಿಗೂ ಒಂದು ಹೆಸರಿಟ್ಟಿದ್ದರು: ಮುಚ್ಚಳದ ಮೇಡಂ. ಮನೆಬಳಕೆಯ ವಸ್ತುಗಳಿಂದ ಮಕ್ಕಳಿಗೆ ವಿಷವೇರಿದಾಗ ತನಿಖೆಗೆ ಹೋಗುವ ಅಧಿಕಾರಿ ಅವಳೊಬ್ಬಳೇ. ಮೇಜಿನ ತುಂಬ ಮುಚ್ಚಳಗಳೇ ಇದ್ದ ಮೇಲೆ ಇನ್ನೆಂಥ ಹೆಸರು ಬಂದೀತು?

“ಪೊಲೀಸರು ಕೊಟ್ರಾ ಕೊನೆಗೂ?” ದುರ್ಬೀನು ಕೇಳಿದ.

“ಈಗ ತಾನೆ. ವಾರ ಪೂರ್ತಿ ಚೀಲಕ್ಕೆ ಹಾಕಿ, ಮುದ್ರೆ ಒತ್ತಿ, ಮಗುವಿಗಿಂತ ಜೋಪಾನವಾಗಿ ಇಟ್ಕೊಂಡಿದ್ರು. ತಿರುಗಿಸಿ ನೋಡಿ.”

ಹೋದ ವಾರ ಗುಬ್ಬಿ ಎಂಬ ಮೂರು ವರ್ಷದ ಮಗು ಇದೇ ಬಾಟಲಿಯಿಂದ ಒಂದು ಗುಟುಕು ಕುಡಿದಿತ್ತು. ಬಚ್ಚಲ ಕೊಳವೆ ಕಟ್ಟಿಕೊಂಡಾಗ ಸುರಿಯುವ ನೀಲಿ ದ್ರವ ಅದು. ಜೀವ ಉಳಿದಿತ್ತು, ಗಂಟಲು ಸುಟ್ಟು ದನಿ ಹೋಗಿತ್ತು. ಇನ್ನೂ ಆಸ್ಪತ್ರೆಯಲ್ಲೇ ಇತ್ತು.

ಗುಬ್ಬಿಯ ತಾಯಿ ಮನೆಯಲ್ಲೇ ಕೂತು ಪರದೆ ಹೊಲಿಯುವವಳು. ಗಂಡ ಬಿಟ್ಟುಹೋಗಿ ಎಲ್ಲೋ ಇನ್ನೊಂದು ಸಂಸಾರ ಹೂಡಿದ್ದ. ‘ಟಿಕ್ ಅನ್ನೋದು ಕೇಳಿಸಿಕೊಂಡೇ ಬಾಟಲಿ ಎತ್ತಿಟ್ಟೆ’ ಎಂದು ಆಕೆ ಪೊಲೀಸರ ಮುಂದೆ, ಡಾಕ್ಟರ ಮುಂದೆ, ಮಕ್ಕಳ ರಕ್ಷಣಾ ಸಮಿತಿಯ ಮುಂದೆ ಒಂದೇ ಸಮನೆ ಹೇಳಿದ್ದಳು. ಯಾರೂ ನಂಬಿರಲಿಲ್ಲ. ತೀರ್ಮಾನವಾಗುವವರೆಗೆ ಆಸ್ಪತ್ರೆಗೂ ಬರಬೇಡ ಎಂದಿದ್ದರು. ಗಂಡನ ತಾಯಿ, ಅಂದರೆ ಗುಬ್ಬಿಯ ಅಜ್ಜಿ, ‘ಇಂಥವಳ ಕೈಲಿ ಮಗು ಬೇಡ, ನನಗೆ ಕೊಡಿ’ ಎಂದು ಸಮಿತಿಯ ಮುಂದೆ ಸೆರಗೊಡ್ಡಿ ಕೂತಿದ್ದಳು.

ಇವತ್ತು ಬೆಳಿಗ್ಗೆಯಷ್ಟೇ ಸಮಿತಿಯವರು ಮೇಡಂಗೆ ಒಂದೇ ಪ್ರಶ್ನೆ ಕೇಳಿದ್ದರು: ಕಂಪನಿಯ ಮುಚ್ಚಳಗಳಲ್ಲಿ ದೋಷವಿದೆಯೇ? ಅದೇ ಬ್ಯಾಚಿನ ಮುಚ್ಚಳಗಳನ್ನೆಲ್ಲ ಅವಳು ಪರೀಕ್ಷಿಸಿ ಆಗಿತ್ತು. ದೋಷವಿರಲಿಲ್ಲ. ಇಲ್ಲ ಎಂದಳು.

ಕಾನೂನಿಗೆ ಗೊತ್ತಿರುವ ತಪ್ಪಿತಸ್ಥರು ಇಬ್ಬರೇ, ತಯಾರಿಸಿದವರು ಇಲ್ಲವೇ ಮನೆಯವರು. ತಯಾರಿಸಿದವರು ಪಾರಾದರೆ ಉಳಿದವಳು ತಾಯಿ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದ ಹಾಗೆ ಆಯಿತೇನೋ ಎಂದು ಮೇಡಂ ಮನಸ್ಸು ಆಗಿನಿಂದ ಚುಚ್ಚುತ್ತಿತ್ತು.

“ಇದು ಟಿಕ್ ಅನ್ನಲ್ವಲ್ಲ ಮೇಡಂ!” ದುರ್ಬೀನು ಹಣೆಯ ಕನ್ನಡಕವನ್ನೂ ಮೂಗಿಗೆ ಇಳಿಸಿದ. “ಕೆಳಗೆ ಬಿದ್ದು ಕೆಟ್ಟಿರಬಹುದಾ?”

“ಬಿದ್ದರೆ ಒಡೆಯುತ್ತೆ. ಇಷ್ಟು ವಿನಯವಾಗಿ ತೆರ್ಕೊಳೋದಿಲ್ಲ. ಕತ್ತರಿಸಿ. ಸಾಹೇಬರ ಒಪ್ಪಿಗೆ ಆಗಿದೆ.”

ಸಣ್ಣ ಗರಗಸ ಕುಂಯ್ ಅಂದಿತು. ಮುಚ್ಚಳ ಎರಡು ಹೋಳಾಯಿತು.

ಇಂಥ ಮುಚ್ಚಳ ಹೊರನೋಟಕ್ಕೆ ಒಂದು, ಒಳಗೆ ಎರಡು. ಮೇಲಿನ ಚಿಪ್ಪನ್ನು ಒತ್ತಿದರೆ ಅದರ ಹಲ್ಲು ಕೆಳಗಿನ ಚಿಪ್ಪಿನ ಹಲ್ಲಿಗೆ ಕಚ್ಚಿಕೊಂಡು ಎರಡೂ ಒಟ್ಟಿಗೆ ತಿರುಗುತ್ತವೆ. ಒತ್ತದಿದ್ದರೆ ಹಲ್ಲಿನ ಮೇಲೆ ಹಲ್ಲು ಜಾರಿ ಟಿಕ್ ಟಿಕ್ ಅನ್ನುತ್ತವೆ. ಅತ್ತೆ ಸೊಸೆ ಇದ್ದ ಹಾಗೆ ಕಣ್ರೀ, ಮೇಲಿನವರು ಒತ್ತಿದರಷ್ಟೇ ಕೆಳಗಿನವರು ತಿರುಗೋದು, ಎಂದು ದುರ್ಬೀನು ಹೊಸಬರಿಗೆ ಪಾಠ ಹೇಳುತ್ತಿದ್ದ.

ಇವತ್ತು ಅವನಿಗೆ ತಮಾಷೆ ಹೊಳೆಯಲಿಲ್ಲ. ಎರಡು ಚಿಪ್ಪುಗಳನ್ನೂ ಸೇರಿಸಿ ಯಾರೋ ಒಂದು ಹಿತ್ತಾಳೆಯ ಪಿನ್ನು ಹೊಡೆದಿದ್ದರು. ತೂತಿನ ಬಾಯಿಯನ್ನು ಅರದಿಂದ ನುಣ್ಣಗೆ ಉಜ್ಜಿ, ಮೇಲೆ ನೀಲಿ ಮೇಣ ತುಂಬಿದ್ದರು. ಕಣ್ಣಿಗೆ ಬೀಳುವುದಿರಲಿ, ಬೆರಳಿಗೂ ಸಿಗುತ್ತಿರಲಿಲ್ಲ.

“ಕಾರ್ಖಾನೆ ಕೆಲಸ ಅಲ್ಲ ಇದು. ಕೈಕೆಲಸ,” ಎಂದ.

“ತಾಯಿ ಮಾಡಿರಬಹುದಾ?” ಅವಳು ಕೇಳಿದಳು. ಕೇಳಲೇಬೇಕಿತ್ತು.

“ಹೊಲಿಗೆಯವರ ಹತ್ರ ಸೂಜಿ ಇರುತ್ತೆ. ಇದು ಬೇರೆ.” ಅವನು ಭೂತಗನ್ನಡಿ ಹಿಡಿದ. “ಎರಡು ತುದೀನೂ ದುಂಡಗಿದೆ ನೋಡಿ. ಬೀಗದ ಹೊಟ್ಟೆಯೊಳಗೆ ಇರುತ್ತಲ್ಲ, ಕೀಲಿ ಹಾಕಿದಾಗ ಮೇಲೆ ಕೆಳಗೆ ಆಡೋ ಪಿನ್ನು, ಅದು.”

ಅವಳು ಹೋಳುಗಳನ್ನು ಬೆಳಕಿಗೆ ಹಿಡಿದಳು. ಅಂಚಿನಲ್ಲಿ ಮೂರು ಗೀರುಗಳಿದ್ದವು. ಎರಡು ಪಕ್ಕಪಕ್ಕ, ಒಂದು ಎದುರಿಗೆ. ನೆಲಕ್ಕೆ ಬಿದ್ದು ತರಚಿದ್ದಿರಬೇಕು ಅಂದುಕೊಂಡಿದ್ದಳು. ತರಚಿದ ಗೀರು ಇಷ್ಟು ನೇರವಾಗಿ ಇರುವುದಿಲ್ಲ.

ಗುಬ್ಬಿಯ ಮನೆಯಿರುವ ಕಟ್ಟಡದ ಮೆಟ್ಟಿಲ ಕೆಳಗೆ ಒಂದು ಪುಟ್ಟ ಕೋಣೆಯಿತ್ತು. ಬಾಗಿಲಿಗೆ ಅಂಗೈಯಗಲದ ಹಲಗೆ: ಬೀಗ ರಿಪೇರಿ. ಹೋದ ಸಲ ಹೋದಾಗ ಅಲ್ಲಿ ಕೂತಿದ್ದ ಮುದುಕ ‘ಬನ್ನಿ, ಕೂತ್ಕೊಂಡು ಹೋಗಿ’ ಎಂದು ಕರೆದಿದ್ದ. ಅವಳು ಪುರುಸೊತ್ತಿಲ್ಲ ಎಂದು ಬಂದಿದ್ದಳು.

ಹೋಳುಗಳನ್ನು ಕಾಗದದಲ್ಲಿ ಸುತ್ತಿ ಚೀಲಕ್ಕೆ ಹಾಕಿಕೊಂಡಳು.

*

ಬಸ್ಸಿನಲ್ಲಿ ಕಿಟಕಿಯ ಪಕ್ಕ ಜಾಗ ಸಿಕ್ಕಿತು. ಪಕ್ಕದ ಸೀಟು ಖಾಲಿಯೇ ಉಳಿಯಿತು. ಅವಳ ಪಕ್ಕದ ಸೀಟು ಯಾವಾಗಲೂ ಕೊನೆಗೆ ತುಂಬುತ್ತಿತ್ತು, ಯಾಕೆಂದು ಅವಳಿಗೂ ಗೊತ್ತಿರಲಿಲ್ಲ.

ಅವಳ ಕೆಲಸದಲ್ಲಿ ಅವಳಿಗೆ ಇಷ್ಟವಾದದ್ದು ಒಂದೇ. ಹೊಸ ಮುಚ್ಚಳ ಬಂದಾಗ ಒಂದು ಕೋಣೆಯಲ್ಲಿ ಪುಟ್ಟ ಮಕ್ಕಳನ್ನು ಕೂರಿಸಿ, ಖಾಲಿ ಬಾಟಲಿ ಕೊಟ್ಟು, ಬಿಚ್ಚಿ ನೋಡೋಣ ಅನ್ನುತ್ತಾರೆ. ಮಕ್ಕಳು ತಿರುಗಿಸುತ್ತವೆ, ಕಚ್ಚುತ್ತವೆ, ನೆಲಕ್ಕೆ ಬಡಿಯುತ್ತವೆ. ಐದು ವರ್ಷದೊಳಗಿನ ಮಕ್ಕಳ ಕೈಗೆ ಬಗ್ಗಬಾರದು, ಎಪ್ಪತ್ತು ವರ್ಷದವರೆಗಿನ ಹಿರಿಯರ ಕೈಗೆ ಬಗ್ಗಬೇಕು. ಕಾನೂನು ಅಷ್ಟೇ. ಪರೀಕ್ಷೆ ಮುಗಿದ ಮೇಲೆ ತಾಯಂದಿರು ಬಂದು ಮಕ್ಕಳನ್ನು ಎತ್ತಿಕೊಂಡು ಹೋಗುತ್ತಾರೆ. ಜೊಲ್ಲಾದ ಬಾಟಲಿಗಳನ್ನು ಒರೆಸಿ ಜೋಡಿಸುವವಳು ಇವಳು. ಆಮೇಲೆ ಮನೆಗೆ ಹೋಗುತ್ತಾಳೆ.

ಅವಳ ಮನೆಯಲ್ಲಿ ಯಾವ ಬಾಟಲಿಯನ್ನು ಎಲ್ಲಿಟ್ಟರೂ ಯಾರಿಗೂ ಅಪಾಯವಿರಲಿಲ್ಲ. ಅದು ಎಂಥ ಖಾಲಿತನ ಎಂದು ಹೇಳಿಕೊಳ್ಳಲು ಕೂಡ ಆ ಮನೆಯಲ್ಲಿ ಇನ್ನೊಬ್ಬರಿರಲಿಲ್ಲ.

ಕಟ್ಟಡದ ಮೊದಲ ಮೆಟ್ಟಿಲ ಮೇಲೆ ಗುಬ್ಬಿಯ ತಾಯಿ ಕೂತಿದ್ದಳು. ಮಡಿಲಲ್ಲಿ ಮಗುವಿನ ಪುಟ್ಟ ಅಂಗಿ.

“ಒಳಗೆ ಕೂರೋಕಾಗ್ತಿಲ್ಲ ಮೇಡಂ,” ಎಂದಳು, ಎದ್ದು ಜಾಗ ಬಿಡುತ್ತ. “ಮಿಷನ್ ತುಳಿಯೋಕೆ ಕೂತ್ರೆ ಆವತ್ತಿಂದೇ ನೆನಪು. ಅದರ ಸದ್ದಲ್ಲೇ ತಾನೆ ನನಗೆ ಏನೂ ಕೇಳಿಸದೆ ಹೋದದ್ದು.”

“ಆದೇಶ ಯಾವಾಗ ಅಂದ್ರು?”

“ನಾಳೆ ಅಂದ್ರು. ನೀವು ಬೆಳಿಗ್ಗೆ ಹಾಗಂದ ಮೇಲೆ ಇನ್ನೇನಿದೆ.” ದನಿಯಲ್ಲಿ ಸಿಟ್ಟಿರಲಿಲ್ಲ. ಸಿಟ್ಟಿದ್ದಿದ್ದರೇ ಚೆನ್ನಾಗಿತ್ತು. “ನಾನು ಸುಳ್ಳು ಹೇಳ್ತಿಲ್ಲ. ಮುಚ್ಚಿದ ಮೇಲೆ ನಾನು ಒಂದ್ಸಲ ತಿರುಗಿಸಿ ನೋಡ್ತಿದ್ದೆ, ಟಿಕ್ ಟಿಕ್ ಅಂತಿತ್ತು. ಗುಬ್ಬಿಗೆ ಅದೊಂದು ಆಟ. ಬಾಟಲಿ ಕೈಗೆ ಸಿಕ್ಕಿದ್ರೆ ತಿರುಗಿಸಿ ತಿರುಗಿಸಿ ನಗೋದು. ಎಷ್ಟು ಬೈದ್ರೂ ಬಿಡ್ತಿರಲಿಲ್ಲ.”

“ನನಗೆ ನಂಬಿಕೆ ಬಂದಿದೆ,” ಎಂದಳು ಮೇಡಂ. “ಆದ್ರೆ ನನ್ನ ನಂಬಿಕೆ ಸಾಲದು.”

ತಾಯಿ ಒಂದು ಕ್ಷಣ ಅವಳ ಮುಖ ನೋಡಿದಳು. ಆಮೇಲೆ ಕೈಯಲ್ಲಿದ್ದ ಅಂಗಿಯನ್ನು ಚಾಚಿದಳು. “ಹಾಗಿದ್ರೆ ಇದನ್ನೂ ನಂಬ್ತೀರಾ? ಮಗು ಬಟ್ಟೆ ನಾನು ಸುರುಳಿ ಸುತ್ತಿ ಇಡ್ತೀನಿ, ಜಾಗ ಕಮ್ಮಿ ಅಂತ. ಹೊಲಿದ ಪರದೆ ಕೊಟ್ಟು ಬಂದಾಗ ಒಂದೊಂದ್ಸಲ ಹೀಗೆ ನಾಲ್ಕು ಮಡಿಕೆ ಹಾಕಿ ಇಟ್ಟಿರುತ್ತೆ. ಪೊಲೀಸರಿಗೆ ಹೇಳಿದೆ. ‘ಕಳ್ಳ ಬಂದು ಬಟ್ಟೆ ಮಡಿಸಿ ಹೋದ್ನಾ?’ ಅಂತ ನಕ್ಕರು.”

ಮೇಡಂ ನಗಲಿಲ್ಲ. ಅಂಗಿಯ ಮಡಿಕೆಯನ್ನು ಬೆರಳಲ್ಲಿ ಸವರಿ ನೋಡಿದಳು. ಇಸ್ತ್ರಿ ಹಾಕಿದಂತೆ ಅಚ್ಚುಕಟ್ಟಾಗಿತ್ತು.

*

“ಬನ್ನಿ ತಾಯಿ, ಕೂತ್ಕೊಳಿ. ಬೀಗಾನಾ, ಮುಚ್ಚಳಾನಾ?”

ಮುಚ್ಚಳದ ಮಾತನ್ನು ಅವಳು ಇನ್ನೂ ಎತ್ತಿರಲಿಲ್ಲ. ಮೆಟ್ಟಿಲ ಕೆಳಗಿನ ಕೋಣೆಯ ಬೀಗದ ತಾತನೇ ಎತ್ತಿಕೊಟ್ಟ.

“ಮುಚ್ಚಳ,” ಎಂದು ಸ್ಟೂಲಿನ ಮೇಲೆ ಕೂತಳು.

ಕೋಣೆಯಲ್ಲಿ ಎಣ್ಣೆಯ, ಕಬ್ಬಿಣದ ವಾಸನೆ. ಗೋಡೆಗೆ ಯಾರೂ ಮರಳಿ ಕೇಳಲು ಬಾರದ ಕೀಲಿಗಳು. ತಾತನ ಬೆರಳುಗಳು ಗಂಟುಗಂಟಾಗಿ ಒಳಕ್ಕೆ ಬಾಗಿದ್ದವು. ಮೇಜಿನ ಇಕ್ಕಳಕ್ಕೆ ಒಂದು ಮುಚ್ಚಳ ಕಚ್ಚಿಸಿತ್ತು, ಕಾಲಲ್ಲಿ ತುಳಿದರೆ ತಿರುಗುವ ಬೈರಿಗೆ ಅದರ ಮೇಲೆ ಬಾಗಿ ನಿಂತಿತ್ತು. ಅವಳು ನೋಡುತ್ತಿರುವುದನ್ನು ನೋಡಿ ತಾತ ನಕ್ಕ.

“ಕೈ ಸತ್ತಿದೆ, ಕಾಲು ಬದುಕಿದೆ. ಸಾಕಲ್ಲ? ಮನೇಲಿ ಚಿಕ್ಕ ಮಕ್ಕಳು ಇದಾರಾ?”

“ಇಲ್ಲ.”

“ಬಂದು ಹೋಗೋ ಮಕ್ಕಳು? ಅಕ್ಕತಂಗೀರದ್ದು, ಪಕ್ಕದ ಮನೇದು?”

“ಯಾರೂ ಬರಲ್ಲ.”

“ಯಾರೂ ಅಂದ್ರೆ?”

“ಯಾರೂ ಅಂದ್ರೆ ಯಾರೂ ಇಲ್ಲ ತಾತ.”

ತನಿಖೆಗೆಂದು ಆಡಿದ ಮಾತು ಅದು, ಆದರೆ ಅದರಲ್ಲಿ ಒಂದಕ್ಷರವೂ ಸುಳ್ಳಿರಲಿಲ್ಲ. ದೂರದ ಊರಲ್ಲಿ ತನ್ನೂರಿನವರು ಸಿಕ್ಕಿದ ಹಾಗೆ ತಾತ ತಲೆಯಾಡಿಸಿದ.

“ಹಾಗಿದ್ರೆ ಮಾಡಿಕೊಡಬಹುದು. ಮಕ್ಕಳಿರೋ ಮನೆಗೆ ನಾನು ಮಾಡಿಕೊಡಲ್ಲ.”

ಅವಳು ಕಾಗದ ಬಿಚ್ಚಿ ಎರಡು ಹೋಳುಗಳನ್ನು ಮೇಜಿನ ಮೇಲಿಟ್ಟಳು. “ಇದು ನಿಮ್ಮ ಕೆಲಸಾನಾ?”

ತಾತ ಒಂದು ಹೋಳೆತ್ತಿ ಪಿನ್ನು ನೋಡಿದ. ಮುಖ ಅರಳಿತು. “ನಂದೇ. ಇಷ್ಟು ನುಣ್ಣಗೆ ಅರ ಹಿಡಿಯೋರು ಇನ್ಯಾರಿದಾರೆ ಹೇಳಿ? ಅಯ್ಯೋ, ಕತ್ತರಿಸಿಬಿಟ್ರಲ್ಲ! ಸರಿ ಬರ್ಲಿಲ್ವಾ?”

“ಗುಬ್ಬಿ ಕುಡಿದ ಬಾಟಲಿದು.”

ತಾತನ ಕಾಲು ತುಳಿಪಟ್ಟಿಯಿಂದ ಜಾರಿತು. ಬೈರಿಗೆ ಒಂದು ಸುತ್ತು ಸುತ್ತಿ ನಿಂತಿತು.

“ಆಗಲ್ಲ,” ಎಂದ. “ಆಗೋಕೆ ಸಾಧ್ಯಾನೇ ಇಲ್ಲ. ಆ ಹುಡುಗಿ ಒಂದ್ಸಲ ಬಂದು ಕೇಳಿದ್ಲು, ಹೊಲಿದು ಹೊಲಿದು ಮಣಿಕಟ್ಟು ನೋವು ಅಂತ. ಮಗು ಇರೋ ಮನೆಗೆ ಕೂಡದು ಅಂತ ಬೈದು ಕಳ್ಸಿದ್ದೆ. ಹೋಗಿ ಕೇಳಿ ಬೇಕಾದ್ರೆ!”

“ಮತ್ತೆ ಈ ಪಿನ್ನು ಅಲ್ಲಿಗೆ ಹೇಗೆ ಬಂತು?”

ತಾತ ಹೋಳನ್ನು ಮೇಜಿನ ಮೇಲೆ ಮೆಲ್ಲಗೆ ಇಟ್ಟ.

“ಯಾಕೆ ತಾತ ಈ ಕೆಲಸಕ್ಕೆ ಕೈ ಹಾಕಿದ್ರಿ? ಮಕ್ಕಳು ಸಾಯದೆ ಇರಲಿ ಅಂತ ಮಾಡಿದ ಮುಚ್ಚಳ ಅದು.”

“ಗೊತ್ತು.” ತಾತ ತನ್ನ ಬಾಗಿದ ಬೆರಳುಗಳನ್ನು ಮೇಜಿನ ಮೇಲೆ ಹರಡಿದ. “ಒಂದಿನ ನನ್ನ ಬಚ್ಚಲಲ್ಲಿ ನೀರು ನಿಲ್ತು. ಬಾಟಲಿ ತಂದೆ. ಒತ್ತಿ ತಿರುಗಿಸು ಅಂತ ಬರೆದಿತ್ತು. ಒತ್ತೋಕೆ ಹೋದ್ರೆ ತಿರುಗಿಸೋಕಾಗಲ್ಲ, ತಿರುಗಿಸೋಕೆ ಹೋದ್ರೆ ಒತ್ತೋಕಾಗಲ್ಲ. ಬೆಳಿಗ್ಗೆಯಿಂದ ಸಂಜೆವರೆಗೆ ಅದನ್ನ ಮುಂದಿಟ್ಕೊಂಡು ಕೂತಿದ್ದೆ. ಒಂದು ಕಾಲಕ್ಕೆ ಊರಲ್ಲಿ ನಾನು ತೆಗೀದೇ ಇರೋ ಬೀಗ ಇರಲಿಲ್ಲ. ಒಂದು ಪ್ಲಾಸ್ಟಿಕ್ ಮುಚ್ಚಳ ತೆಗೆದುಕೊಡಪ್ಪಾ ಅಂತ ಕೇಳೋಕೆ ಒಬ್ಬ ಮನುಷ್ಯ ಇರಲಿಲ್ಲ. ಅತ್ತುಬಿಟ್ಟೆ.”

“ಎಪ್ಪತ್ತು ವರ್ಷದವರ ಕೈಲಿ ಪರೀಕ್ಷೆ ಮಾಡಿಸಿರ್ತಾರೆ,” ಎಂದಳು ಅವಳು. ಹೇಳುತ್ತಿದ್ದಂತೆಯೇ ಆ ಮಾತಿನ ಬಡತನ ಅವಳಿಗೇ ಕೇಳಿಸಿತು.

“ನನಗೆ ಎಪ್ಪತ್ತೆಂಟು ತಾಯಿ. ನಿಮ್ಮ ಕಾನೂನಿಗೆ ನಾನು ಆಗಲೇ ಸತ್ತಿದೀನಿ.”

ಅವಳು ಮೇಜಿನ ಮೇಲೆ ಹರಡಿದ್ದ ಆ ಬೆರಳುಗಳನ್ನು ನೋಡಿದಳು.

“ಆಮೇಲೆ ಬೀಗ ಅಂದ್ಕೊಂಡು ಅದನ್ನ ಬಿಚ್ಚಿ ನೋಡ್ದೆ. ಒಂದು ಪಿನ್ನು ಹೊಡೆದೆ, ಆಯ್ತು. ಎದುರಿನ ಬೀದಿಯ ಮುದುಕಿ ಒಬ್ಬರು ನೋಡಿದ್ರು, ನಂಗೂ ಮಾಡ್ಕೊಡಿ ಅಂದ್ರು. ಅವರಿಂದ ಇನ್ನೊಬ್ಬರು. ಬೀಗ ಹಿಡ್ಕೊಂಡು ಈಗ ಯಾರೂ ಬರಲ್ಲ. ಮುಚ್ಚಳ ಹಿಡ್ಕೊಂಡು ಬರ್ತಾರೆ, ಚಹಾ ಕುಡೀತಾರೆ, ಮಂಡಿ ನೋವಿನ ಮಾತಾಡ್ತಾರೆ. ಎದ್ದು ಹೋಗೋಕೆ ಅವಸರವೇ ಇರಲ್ಲ ಅವರಿಗೆ. ನನಗೂ ಕಳಿಸೋಕೆ ಅವಸರ ಇರಲ್ಲ.”

ಅವಳಿಗೆ ಸಿಟ್ಟು ಬರಬೇಕಿತ್ತು. ಬಂತು ಕೂಡ. ಒಂದು ಮಗುವಿನ ಗಂಟಲು ಸುಟ್ಟಿತ್ತು. ಆದರೆ ಆ ಸಿಟ್ಟಿನ ಪಕ್ಕದಲ್ಲೇ, ಹೋದ ಸಲ ಇವನು ಕೂತ್ಕೊಳ್ಳಿ ಅಂದಾಗ ತಾನು ಕೂರದೆ ಹೋದದ್ದೂ ನೆನಪಾಗಿ ಮನಸ್ಸು ಹುಳ್ಳಗಾಯಿತು.

“ಅಂಚಿನಲ್ಲಿ ಈ ಗೀರುಗಳು ಏನು?” ಎಂದು ಕೇಳಿದಳು.

“ಗುರುತು. ನಾಲ್ಕಾರು ಜನರ ಮುಚ್ಚಳ ಒಟ್ಟಿಗಿರುತ್ತಲ್ಲ, ಅದಲುಬದಲಾಗದೆ ಇರಲಿ ಅಂತ ಒಬ್ಬೊಬ್ಬರಿಗೆ ಒಂದೊಂದು ಥರ...”

ತಾತ ಎರಡು ಹೋಳುಗಳನ್ನೂ ಜೋಡಿಸಿ ಹಿಡಿದ. ಪಕ್ಕಪಕ್ಕ ಎರಡು ಗೀರು, ಎದುರಿಗೆ ಒಂದು. ಒಂದು ಹೋಳು ಕೈಜಾರಿ ನೆಲಕ್ಕೆ ಬಿತ್ತು.

“ಯಾರದು?”

“ನೆನಪಿಲ್ಲ.”

ಸುಳ್ಳು ಹೇಳಲಿಕ್ಕೂ ಅಭ್ಯಾಸ ಬೇಕು. ತಾತನಿಗೆ ಅದು ಇರಲಿಲ್ಲ.

“ತಾತ, ಆ ತಾಯಿ ಹೊರಗೆ ಮೆಟ್ಟಿಲ ಮೇಲೆ ಕೂತಿದಾಳೆ. ನಾಳೆ ಅವಳ ಮಗೂನ ಅವಳಿಂದ ಕಿತ್ಕೊಳ್ತಾರೆ. ಎದ್ದು ಹೋಗಿ ಅವಳ ಮುಖ ನೋಡ್ಕೊಂಡು ನೆನಪಿಲ್ಲ ಅಂತ ಹೇಳಿ. ನಾನು ಹೊರಟುಹೋಗ್ತೀನಿ.”

ತಾತ ಬಾಗಿಲ ಕಡೆ ನೋಡಿದ. ಮೆಟ್ಟಿಲ ಮೇಲಿನ ನೆರಳು ಅಲ್ಲಾಡಲಿಲ್ಲ.

“ನನ್ನ ಹತ್ರ ವಾರವಾರ ಬಂದು ಕೂರೋರು ಅವರೊಬ್ಬರೇ,” ಎಂದ ಮೆಲ್ಲಗೆ. “ಹೇಳಿದ್ರೆ ಮತ್ತೆ ಬರಲ್ಲ.”

“ಯಾರು?”

“ಗುಬ್ಬಿಯ ಅಜ್ಜಿ.”

ಅವಳ ಬೆನ್ನು ನೆಟ್ಟಗಾಯಿತು. ಬೆಳಿಗ್ಗೆ ಸಮಿತಿಯ ಮುಂದೆ ಅಜ್ಜಿ ಆಡಿದ ಮಾತು ನೆನಪಾಯಿತು: ‘ನಾನು ಆ ಮನೆ ಹೊಸಿಲು ತುಳಿದು ವರ್ಷವಾಯ್ತು.’ ಯಾರೂ ಅದನ್ನು ಕೇಳಿರಲಿಲ್ಲ. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗೆ, ತಾನಾಗಿಯೇ ಹೇಳಿದ್ದಳು. ಆಗ ಅದು ಬರೀ ದುಃಖದ ಮಾತಾಗಿ ಕೇಳಿಸಿತ್ತು.

“ಅವರು ಈ ಕಟ್ಟಡಕ್ಕೆ ಬಂದು ವರ್ಷವಾಯ್ತಂತೆ?”

“ಯಾರಂದ್ರು? ಸೊಸೆ ಪರದೆ ಕೊಡೋಕೆ ಮಗೂನ ಎತ್ಕೊಂಡು ಹೋಗ್ತಾಳಲ್ಲ, ಆಗ ಬರ್ತಾರೆ. ಮೇಲೆ ಹೋಗಿ ಸ್ವಲ್ಪ ಹೊತ್ತು ಕೂತು ಇಳೀತಾರೆ.”

“ಕೀಲಿ?”

ತಾತ ಮುಖ ತಗ್ಗಿಸಿದ. “ಆ ಬಾಗಿಲ ಬೀಗ ನಾನೇ ಹಾಕಿದ್ದು. ಒಂದು ಕೀಲಿ ಮಾಡ್ಕೊಡಿ, ಮಗು ಓಡಾಡೋ ಮನೇಲಿ ಒಂದ್ ಗಳಿಗೆ ಕೂತು ಬರ್ತೀನಿ ಅಂತ ಕಣ್ಣೀರು ಹಾಕಿದ್ರು. ಮಗ ದೂರವಾದ, ಸೊಸೆ ಮಾತಾಡಲ್ಲ. ಹೇಗೆ ಇಲ್ಲ ಅನ್ನಲಿ? ಅವರು ಕದಿಯೋಕೆ ಹೋಗ್ತಿರಲಿಲ್ಲ ತಾಯಿ. ಮೊಮ್ಮಗಳ ಬಟ್ಟೆ ಮಡಿಸಿಟ್ಟು ಬರ್ತಿದ್ರು.”

ನಾಲ್ಕು ಮಡಿಕೆ. ಇಸ್ತ್ರಿ ಹಾಕಿದಂತೆ.

“ಕೊನೇ ಸಲ ಬಂದದ್ದು ಯಾವಾಗ?”

“ಮಗು ಕುಡಿಯೋ ಹಿಂದಿನ ದಿನ. ಬಚ್ಚಲಲ್ಲಿ ನೀರು ನಿಂತಿದೆ, ಇವಳಿಗೆ ಕಾಣಲ್ವಾ ಅಂತ ಗೊಣಗ್ತಾ ಇಳಿದ್ರು. ಅಲ್ಲಿದ್ದ ಬಾಟಲಿ ಅವರ ಕೈಗೆ ಬಗ್ಗಲಿಲ್ಲವಂತೆ. ಮನೆಗೆ ಹೋಗಿ ತಮ್ಮ ಬಾಟಲಿ ತಂದು ಹತ್ತಿದ್ರು. ಆಮೇಲೆ ವಾಪಸ್ಸು ಇಳಿವಾಗ ಕೈಲಿ ಬಾಟಲಿ ಇತ್ತು, ನಾನೇ ನೋಡ್ದೆ.”

“ಬಾಟಲಿ ಇತ್ತು,” ಎಂದಳು ಅವಳು. “ಅವರದ್ದಲ್ಲ.”

ಒಂದೇ ಕಂಪನಿ, ಒಂದೇ ಬಣ್ಣ, ಒಂದೇ ಅಳತೆ. ಪಿನ್ನು ಹೊಡೆದ ಬಾಟಲಿ ಇಲ್ಲಿ ಉಳಿಯಿತು. ಟಿಕ್ ಎನ್ನುವ ಬಾಟಲಿ ಅಜ್ಜಿಯ ಮನೆಗೆ ಹೋಯಿತು. ಅದು ಅಲ್ಲಿ ಸಿಕ್ಕರೆ ತಾಯಿ ಹೇಳಿದ್ದೆಲ್ಲ ನಿಜವಾಗುತ್ತದೆ.

ಮರೆತು ಬದಲಾಗಿದ್ದರೆ ಅದೊಂದು ಕತೆ. ಮರೆತವರು ಸುಳ್ಳು ಯಾಕೆ ಹೇಳಬೇಕು? ಸೊಸೆ ತಪ್ಪಿತಸ್ಥಳಾದರೆ ಮಗು ತನಗೆ ಬರುತ್ತದೆ ಎಂದು ಗೊತ್ತಿದ್ದವಳು ಅಜ್ಜಿಯೊಬ್ಬಳೇ. ಹಾಗೆಂದು ಬಟ್ಟೆ ಮಡಿಸಿಟ್ಟು ಬರುವ ಕೈ ಆ ಮಗುವಿಗೇ ವಿಷವಿಟ್ಟೀತೇ? ಮೇಡಂಗೆ ಎರಡನ್ನೂ ನಂಬಲಾಗಲಿಲ್ಲ.

ಮೊದಲು ಮಾಡಬೇಕಾದ್ದು ಮಗುವನ್ನು ಆಸ್ಪತ್ರೆಯಲ್ಲೇ ಉಳಿಸುವುದು. ಫೋನ್ ತೆಗೆದು ಮಕ್ಕಳ ವಿಭಾಗಕ್ಕೆ ಮಾಡಿದಳು.

“ಗುಬ್ಬೀನಾ?” ನರ್ಸಮ್ಮನ ದನಿ ಹಗುರವಾಗಿತ್ತು. “ಮಧ್ಯಾಹ್ನವೇ ಹೋಯ್ತಲ್ಲ ಮೇಡಂ. ಸಮಿತಿ ಆದೇಶ ಇವತ್ತೇ ಬಂತು. ನೀವು ಕಂಪನಿ ತಪ್ಪಿಲ್ಲ ಅಂದ್ರಂತಲ್ಲ, ಅದಕ್ಕೆ. ಅಜ್ಜಿ ಬಂದು ಎತ್ಕೊಂಡು ಹೋದ್ರು. ಪಾಪ, ಎಷ್ಟು ಮುತ್ತು ಕೊಟ್ರು ಅಂತೀರಿ.”

ಫೋನು ಕಿವಿಯಿಂದ ಇಳಿಯಿತು.

“ತಾತ, ಅವರಿಗೆ ಎಷ್ಟು ಬಾಟಲಿಗೆ ಪಿನ್ನು ಹೊಡೆದುಕೊಟ್ಟಿದೀರಿ?”

ತಾತನ ಮುಖದಲ್ಲಿ ರಕ್ತವಿರಲಿಲ್ಲ. “ಮನೇಲಿ ಮಕ್ಕಳಿಲ್ಲ, ಯಾರೂ ಬರಲ್ಲ ಅಂತ ಅತ್ತರು ತಾಯಿ. ನೆಲ ಒರೆಸೋದು, ಕಲೆ ತೆಗೆಯೋದು, ಜಿರಳೆಗೆ ಹಾಕೋದು, ಅವರ ನಿದ್ದೆ ಮಾತ್ರೆ ಡಬ್ಬಿ. ಆ ಮನೇಲಿ ಇರೋದಕ್ಕೆಲ್ಲ ಹೊಡೆದುಕೊಟ್ಟಿದೀನಿ.”

*

ಎದುರಿನ ಬೀದಿಯ ಮೂರನೇ ಕಟ್ಟಡ. ಸಂಜೆ ಬಿಸಿಲು ಇನ್ನೂ ಗೋಡೆಯ ಮೇಲಿತ್ತು. ತಾಯಿ ಎಲ್ಲರಿಗಿಂತ ಮುಂದೆ ಮೆಟ್ಟಿಲು ಹತ್ತಿದಳು, ಕೈಯಲ್ಲಿ ಆ ಅಂಗಿ ಹಾಗೇ ಇತ್ತು. ಏನಾಯಿತೆಂದು ದಾರಿಯಲ್ಲಿ ಅರ್ಧ ಕೇಳಿದ್ದಳು, ಉಳಿದರ್ಧ ಕೇಳುವಷ್ಟು ನಿಂತಿರಲಿಲ್ಲ. ಹಿಂದೆ ಮೇಡಂ. ಕೊನೆಗೆ ಕಂಬಿ ಹಿಡಿದು ಏದುಸಿರು ಬಿಡುತ್ತ ತಾತ, ಕಂಕುಳಲ್ಲಿ ಸಲಕರಣೆಯ ಚೀಲ.

ಮೇಡಂ ಬಾಗಿಲು ಬಡಿದಳು. ಉತ್ತರವಿಲ್ಲ. ಇನ್ನೂ ಜೋರಾಗಿ ಬಡಿದಳು.

“ಅತ್ತೇ!” ತಾಯಿ ಕೂಗಿದಳು. ಆ ಕರೆ ಅವಳ ಬಾಯಿಂದ ಎಷ್ಟೋ ಕಾಲದ ಮೇಲೆ ಬಂದಿತ್ತು. “ಅತ್ತೇ, ಬಾಗಿಲು ತೆಗೀರಿ! ಮಗು ಎಲ್ಲಿ?”

ಒಳಗಿಂದ ಮನುಷ್ಯರ ಸದ್ದಿಲ್ಲ.

“ಈ ಸಂಜೆ ಹೊತ್ತು ಮಾತ್ರೆ ತಗೊಂಡು ಮಲಗ್ತಾರೆ,” ತಾತ ಏದುಸಿರಲ್ಲೇ ಹೇಳಿದ. “ಎಬ್ಬಿಸಿದ್ರೂ ಏಳಲ್ಲ. ಸರೀರಿ, ಬೀಗ ನಂದೇ.”

ಮಂಡಿಯೂರಿ ಕೂತು ಚೀಲದಿಂದ ಒಂದು ತಂತಿ ತೆಗೆದ. ಬಾಗಿದ ಬೆರಳುಗಳಿಂದ ಅದು ಜಾರಿ ನೆಲಕ್ಕೆ ಬಿತ್ತು. ಎತ್ತಿಕೊಂಡ. ಮತ್ತೆ ಬಿತ್ತು.

“ಗುಬ್ಬೀ,” ತಾಯಿ ಬಾಗಿಲಿಗೆ ಬಾಯಿಟ್ಟು ಕರೆದಳು. “ಗುಬ್ಬೀ, ಅಮ್ಮ ಬಂದಿದೀನಿ ಕಣೇ.”

ದನಿ ಸುಟ್ಟುಹೋದ ಮಗು ಓಗೊಡುವುದಾದರೂ ಹೇಗೆ?

ಆಗ ಕೇಳಿಸಿತು. ಬಾಗಿಲ ಆಚೆ, ನೆಲದ ಹತ್ತಿರ, ಬಲು ಸಣ್ಣಗೆ.

ಟಿಕ್. ಟಿಕ್. ಟಿಕ್.

ತಾಯಿಯ ಕೈ ಬಾಯಿಗೆ ಹೋಯಿತು. “ನಮ್ಮನೆ ಬಾಟಲಿ,” ಎಂದಳು. “ಮೇಡಂ, ಅದು ನಮ್ಮನೆ ಬಾಟಲಿ. ಅವಳು ಆಡ್ತಿದಾಳೆ.”

ಹತ್ತೊಂಬತ್ತು ವರ್ಷದ ನೌಕರಿಯಲ್ಲಿ ಇಷ್ಟು ಚೆಂದದ ಸದ್ದನ್ನು ಮೇಡಂ ಕೇಳಿರಲಿಲ್ಲ. ಕಣ್ಣು ತುಂಬಿತು. ಆ ಸದ್ದು ಬರುತ್ತಿರುವಷ್ಟು ಹೊತ್ತು ಮಗು ಕ್ಷೇಮ. ಆ ಮನೆಯಲ್ಲಿ ಟಿಕ್ ಎನ್ನುವ ಬಾಟಲಿ ಅದೊಂದೇ.

“ಬೇಗ ತಾತ.”

“ಆಯ್ತು, ಆಯ್ತು.” ತಂತಿ ಬೀಗದೊಳಗೆ ಹೋಯಿತು. ಮೇಡಂ ತಾತನ ಮಣಿಕಟ್ಟನ್ನು ಎರಡೂ ಕೈಯಿಂದ ಬಿಗಿಯಾಗಿ ಹಿಡಿದಳು. “ಒಂದು ಪಿನ್ನು ಎದ್ತು,” ತಾತ ಗೊಣಗಿದ. “ಇನ್ನೊಂದು...”

ಟಿಕ್. ಟಿಕ್.

“ಆಡ್ತಿರು ಕಂದಾ,” ತಾಯಿ ಬಾಗಿಲಿಗೆ ಕೆನ್ನೆ ಒತ್ತಿ ಬೇಡಿಕೊಂಡಳು. “ಅದನ್ನೇ ತಿರುಗಿಸ್ತಿರು. ನಾನು ಬೈಯಲ್ಲ. ಅದನ್ನೇ ತಿರುಗಿಸು.”

ಟಿಕ್.

ಆಮೇಲೆ ಬಾಟಲಿ ನೆಲದ ಮೇಲೆ ಉರುಳಿದ ಸದ್ದು. ಪುಟ್ಟ ಪಾದಗಳು ಬಚ್ಚಲ ಕಡೆಗೆ ಓಡಿದ ಸದ್ದು.

ಮತ್ತೆ ಟಿಕ್ ಎಂದು ಕೇಳಿಸಲೇ ಇಲ್ಲ.